ಗಿರಿಜನರ ವಸ್ತುಗಳೂ ನಮ್ಮ ಸಂಗ್ರಹಾಲಯಗಳೂ

ವಸ್ತುಸಂಗ್ರಹಾಲಯವೆಂದರೆ ಹಳೆಯದನ್ನು ತಂದು ಜೋಡಿಸಿಟ್ಟ ಮನೆ ಎಂದು ನಮ್ಮಲ್ಲಿ ಬಹುಮಂದಿಯ ಭಾವನೆ. ಬಾದಾಮಿಗೆ ಹೋದವರು ಮೇಣಬಸದಿಗಳನ್ನು ನೋಡಿಕೊಂಡು, ಅಗಸ್ತ್ಯತೀರ್ಥದ ಬಳಿಯಲ್ಲಿರುವ ಪುರಾತತ್ತ್ವ ಇಲಾಖೆಯ ಸಂಗ್ರಹಾಲಯವನ್ನೂ ಹೊಕ್ಕು ಬರುವುದುಂಟು. ಅಲ್ಲಿ ಚಾಲುಕ್ಯರ ಕಾಲದ ಶಿಲ್ಪಗಳಿವೆ, ಲಜ್ಜಾಗೌರಿಯ ವಿಗ್ರಹವಿದೆ, ಊರಿನ ಹತ್ತಿರದ ಶಿಡ್ಲಫಡಿಯೆಂಬ ಕಲ್ಲಾಸರೆಯ, ಎಂದರೆ ಇತಿಹಾಸಕ್ಕೂ ಹಿಂದಿನ ಮನುಷ್ಯರು ತಂಗುತ್ತಿದ್ದ ಬಂಡೆಯ ಮರೆಯ, ಒಂದು ಪ್ರತಿಕೃತಿಯೂ ಇದೆ. ಇವನ್ನೆಲ್ಲ ಮಾಡಿದವರೂ ಬಳಸಿದವರೂ ತೀರಿಹೋಗಿ ಎಷ್ಟೋ ಶತಮಾನಗಳಾದುವು. 'ಇದು ನನ್ನದು, ಇದರ ಅರ್ಥ ನೀವು ಹೇಳುವಂತಲ್ಲ' ಎಂದು ಬಂದು ಹೇಳುವವರು ಯಾರೂ ಇಲ್ಲ. ಆದುದರಿಂದ ಅಲ್ಲಿ ವಿದ್ವಾಂಸನ ಮಾತೇ ಕೊನೆಯ ಮಾತು.

ಮಾನವಶಾಸ್ತ್ರದ ಸಂಗ್ರಹಾಲಯದ ವಿಚಾರ ಹಾಗಲ್ಲ. ಅಲ್ಲಿ ಗಾಜಿನ ಹಿಂದೆ ಕುಳಿತಿರುವ ಬುಟ್ಟಿಯನ್ನು ಹೆಣೆದವಳ ಮೊಮ್ಮಗಳು ಇಂದಿಗೂ ಹೆಗ್ಗಡದೇವನಕೋಟೆಯ ಕಾಡಿನಂಚಿನಲ್ಲಿ ಬಿದಿರು ಸೀಳುತ್ತಿರಬಹುದು. ಅಲ್ಲಿಯ ಕೊಳಲನ್ನು ಊದಿದವನ ಮಗ ಬಿಳಿಗಿರಿರಂಗನ ಬೆಟ್ಟದಿಂದ ಬಸ್ಸು ಹತ್ತಿ ಬಂದು, ಚೀಟಿ ಕೊಂಡು, ನಮ್ಮ ಪಕ್ಕದಲ್ಲೇ ನಿಂತು ಅದನ್ನು ನೋಡುತ್ತಿರಬಹುದು. ವಸ್ತು ಒಳಗೆ, ಒಡೆಯ ಹೊರಗೆ; ಇಬ್ಬರ ನಡುವೆ ಗಾಜು. ಇಂತಹ ಸಂಗ್ರಹಾಲಯ ಯಾವುದನ್ನು ಕಾಪಾಡಬಲ್ಲುದು, ಯಾವುದನ್ನು ಕಾಪಾಡಲಾರದು, ಅದನ್ನು ನೋಡಲು ಹೋಗುವ ನಮ್ಮ ಹೊಣೆಯೇನು, ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮೊದಲು ಸ್ವಲ್ಪ ಪೂರ್ವಕಥೆ. ಗಿರಿಜನರ ವಿಷಯವಾಗಿ ದಕ್ಷಿಣದಲ್ಲಿ ಕ್ರಮವಾದ ಸಂಗ್ರಹಕಾರ್ಯವನ್ನು ನಡೆಸಿದವರಲ್ಲಿ ಮದರಾಸಿನ ಸರ್ಕಾರಿ ಸಂಗ್ರಹಾಲಯದ ಮುಖ್ಯಾಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ ಪ್ರಮುಖ. ಆತನು ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಹಿಂದೂಸ್ಥಾನದ ಜಾತಿ ಬುಡಕಟ್ಟುಗಳನ್ನು ಕುರಿತು ಏಳು ಸಂಪುಟಗಳನ್ನು 1909ರಲ್ಲಿ ಪ್ರಕಟಿಸಿದನು. ಇಂದಿಗೂ ಅವು ಉಪಯುಕ್ತವಾದ ಗ್ರಂಥಗಳೇ. ಆದರೆ ಆ ಕಾಲದ ವಿದ್ವಾಂಸರಿಗೆ ಜನರ ಮಾತನ್ನು ಕೇಳುವುದಕ್ಕಿಂತ ಅವರ ತಲೆಯ ಉದ್ದವನ್ನೂ ಮೂಗಿನ ಅಗಲವನ್ನೂ ಅಳೆಯುವುದರಲ್ಲಿ ಆಸಕ್ತಿ ಹೆಚ್ಚಾಗಿತ್ತು. ಆ ಅಳತೆಗಳಿಂದ ಮನುಷ್ಯರ ಮೇಲುಕೀಳನ್ನು ನಿರ್ಣಯಿಸಬಹುದೆಂಬ ನಂಬಿಕೆ ಈಗ ಶಾಸ್ತ್ರದಲ್ಲಿ ನಿಂತಿಲ್ಲ. ಮೂಗನ್ನು ಅಳೆಸಿಕೊಂಡವನಿಗೆ ಆದ ಅವಮಾನವನ್ನು ಮಾತ್ರ ಯಾವ ಸಂಪುಟದಲ್ಲೂ ಬರೆದಿಟ್ಟಿಲ್ಲ.

ಮೈಸೂರು ಸಂಸ್ಥಾನದಲ್ಲಿ ಈ ಕೆಲಸವನ್ನು ಕೈಕೊಂಡವರು ಎಚ್.ವಿ. ನಂಜುಂಡಯ್ಯನವರು, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೂ ಆದ ಅವರೇ. 1920ರಲ್ಲಿ ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಅದನ್ನು ಮುಂದುವರಿಸಿ, 1928ರಿಂದ 1935ರವರೆಗೆ ನಾಲ್ಕು ಸಂಪುಟಗಳನ್ನು ಹೊರತಂದರು. ಅನಂತರ 1945ರಲ್ಲಿ ಭಾರತದ ಮಾನವಶಾಸ್ತ್ರ ಸರ್ವೇಕ್ಷಣಾ ಇಲಾಖೆ ಸ್ಥಾಪಿತವಾಗಿ, 1960ರಲ್ಲಿ ಅದರ ದಕ್ಷಿಣ ಶಾಖೆ ಮೈಸೂರಿನಲ್ಲಿ ಪ್ರಾರಂಭವಾಯಿತು. ಅದಕ್ಕೆ ಸೇರಿದ ಸಂಗ್ರಹಾಲಯವೊಂದಿದೆ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯವು ಅನೇಕರಿಗೆ ಪರಿಚಿತವಾದುದೇ. ಇವಲ್ಲದೆ, ಭೋಪಾಲದಲ್ಲಿರುವ ಇಂದಿರಾಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರವೂ ಮೈಸೂರಿನ ಇರ್ವಿನ್ ರಸ್ತೆಯ ವೆಲಿಂಗ್ಟನ್ ಭವನದಲ್ಲಿದೆ. ಟಿಪ್ಪುವಿನ ಮರಣಾನಂತರ ಆರ್ಥರ್ ವೆಲೆಸ್ಲಿ ಇದ್ದ ಮನೆಯಲ್ಲಿ ಇಂದು ಕಾಡುಮನೆಗಳ ಸಾಮಾನಿಗೆ ಜಾಗ ದೊರೆತಿರುವುದು ಕಾಲದ ಒಂದು ವಿನೋದವೆನ್ನಬಹುದು.

ಇಂತಹ ಸಂಗ್ರಹಾಲಯವನ್ನು ನಡೆಸುವವರ ಮುಂದಿರುವ ಮೊದಲನೆಯ ಕಷ್ಟ ತೀರ ಲೌಕಿಕವಾದುದು. ಚಾಲುಕ್ಯರ ಕಲ್ಲಿಗೆ ಮುಪ್ಪು ನಿಧಾನ. ಗಿರಿಜನರ ವಸ್ತುಗಳಾದರೋ ಬಿದಿರು, ನಾರು, ಸೋರೆಬುರುಡೆ, ತೊಗಲು, ಹುಲ್ಲು, ಮರ. ಬಿದಿರನ್ನು ಹುಳು ಕೊರೆಯುತ್ತದೆ; ತೊಗಲಿಗೆ ತೇವದಿಂದ ಬೂಷ್ಟು ಹಿಡಿಯುತ್ತದೆ; ಬಣ್ಣದ ನಾರು ಬಿಸಿಲಿಗೆ ಪೇಲವವಾಗುತ್ತದೆ. ಅದಕ್ಕಾಗಿಯೇ ಇಂತಹ ಕೋಣೆಗಳಲ್ಲಿ ಬೆಳಕನ್ನು ಮಂದಮಾಡಿರುತ್ತಾರೆ. ಗಾಳಿಯ ತೇವವನ್ನು ಹದದಲ್ಲಿಡುತ್ತಾರೆ. ಹೊಸದಾಗಿ ಬಂದ ವಸ್ತುವನ್ನು ಉಳಿದವುಗಳೊಡನೆ ಸೇರಿಸುವ ಮುನ್ನ ಬೇರೆ ಇಟ್ಟು ಹುಳುವಿಲ್ಲವೆಂದು ಖಚಿತಮಾಡಿಕೊಳ್ಳುತ್ತಾರೆ. ಪ್ರತಿಯೊಂದಕ್ಕೂ ಅಂಕಿ ಕೊಟ್ಟು, ಎಲ್ಲಿಂದ ಬಂತು, ಯಾವಾಗ ಬಂತು, ಯಾರು ಕೊಟ್ಟರು ಎಂಬುದನ್ನು ಪುಸ್ತಕದಲ್ಲಿ ನಮೂದಿಸುತ್ತಾರೆ. ಈ ಪುಸ್ತಕದಲ್ಲಿ ಒಂದು ಸಾಲು ತಪ್ಪಿದರೆ ವಸ್ತು ಇದ್ದೂ ಅನಾಥವಾದಂತೆಯೇ.

ಆದರೆ ಗಿರಿಜನರು ತಾವೇ ತಮ್ಮ ವಸ್ತುಗಳನ್ನು ಕಾಪಾಡುವ ಕ್ರಮವೇ ಬೇರೆ. ಬೆಟ್ಟಕುರುಬರ ಮನೆಯ ಬುಟ್ಟಿ ಬಳಸಿ ಬಳಸಿ ಹರಿಯಿತೆನ್ನೋಣ. ಅದನ್ನು ಯಾರೂ ಜೋಪಾನಮಾಡುವುದಿಲ್ಲ. ಬಿದಿರು ಇರುವ ಕಡೆ ಹೋಗಿ, ಬಲಿತುದಾವುದು ಎಳೆಯದಾವುದು ಎಂದು ನೋಡಿ ಕಡಿದು ತಂದು, ಹೊಸದೊಂದನ್ನು ಹೆಣೆಯುತ್ತಾರೆ. ಅಲ್ಲಿ ಬಾಳುವುದು ಬುಟ್ಟಿಯಲ್ಲ, ಹೆಣೆಯುವ ವಿದ್ಯೆ. ಸಂಗ್ರಹಾಲಯದಲ್ಲಿ ಬುಟ್ಟಿ ನೂರು ವರ್ಷ ಬಾಳಬಹುದು. ಅಷ್ಟರಲ್ಲಿ ವಿದ್ಯೆ ಸತ್ತಿರಲೂಬಹುದು. ಬಿದಿರಿನ ಮೆಳೆಗೆ ಹೋಗುವ ದಾರಿಗೆ ಬೇಲಿ ಬಿದ್ದರೆ ವಿದ್ಯೆಗೆ ಉಳಿಗಾಲವೆಲ್ಲಿ?

ಇನ್ನೊಂದು ನಿದರ್ಶನವನ್ನು ಕೊಡುತ್ತೇನೆ. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಎಂದು ನಮ್ಮ ಕಾಡುಗಳಲ್ಲಿ ಜೇನಿನ ಬಗೆಗಳು ಹಲವು. ಇವುಗಳಲ್ಲಿ ಹೆಜ್ಜೇನು ಎತ್ತರವಾದ ಮರದ ಕೊಂಬೆಯಲ್ಲೋ ಕಡಿದಾದ ಬಂಡೆಯ ನೆತ್ತಿಯಲ್ಲೋ ತೊಟ್ಟಿ ಕಟ್ಟುತ್ತದೆ. ಅದನ್ನು ಕೀಳುವವನು ಕಾಡುಬಳ್ಳಿಯಿಂದ ಹೆಣೆದ ಏಣಿಯಲ್ಲಿ, ಹೊಗೆಸೂಡಿಯನ್ನು ಹಿಡಿದು, ಪ್ರಪಾತದಲ್ಲಿ ತೂಗಾಡಬೇಕು. ಮೇಲೆ ನಿಂತು ಬಳ್ಳಿಯನ್ನು ಕಾಯುವವನು ಯಾರು? ನೀಲಗಿರಿಯ ಕುರುಂಬರಲ್ಲಿ ಆತ ಬಾವಮೈದುನ, ಹೆಂಡತಿಯ ಒಡಹುಟ್ಟಿದವನು. ತನ್ನ ಅಕ್ಕನನ್ನೋ ತಂಗಿಯನ್ನೋ ವಿಧವೆಯನ್ನಾಗಿ ಮಾಡುವ ಮನಸ್ಸು ಯಾರಿಗಿದ್ದೀತು? ಆದುದರಿಂದ ಆ ಕೈಯನ್ನೇ ನಂಬುವುದು. ಈಗ ಈ ಬಳ್ಳಿಯೇಣಿಯನ್ನು ತಂದು ಗೋಡೆಗೆ ತೂಗುಹಾಕಿ, 'ಏಣಿ, ಬಳ್ಳಿ, ಉದ್ದ ಇಷ್ಟು' ಎಂದು ಬರೆದರೆ ಬರೆದುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಏಣಿಯ ಮೇಲ್ತುದಿಯಲ್ಲಿದ್ದ ನಂಟಸ್ತನವೂ ನಂಬಿಕೆಯೂ ಅದರಲ್ಲಿ ಬರಲಿಲ್ಲ. ಏಣಿಗಿಂತ ಅದೇ ದೊಡ್ಡ ಸಂಪತ್ತು.

ಇದು ಕಾಡಿನವರಿಗೆ ಮಾತ್ರ ಸಲ್ಲುವ ಮಾತೆಂದು ತಿಳಿಯಬೇಕಾಗಿಲ್ಲ. ನಮ್ಮ ಮುಧೋಳ ಸೀಮೆಯ ಹಲಗಲಿಯ ಬೇಡರ ಕಥೆ ಈ ಭಾಗದ ಎಲ್ಲರಿಗೂ ಗೊತ್ತು. 1857ರಲ್ಲಿ, ಪರವಾನಗಿಯಿಲ್ಲದೆ ಯಾರೂ ಆಯುಧವನ್ನಿಟ್ಟುಕೊಳ್ಳಬಾರದೆಂದು ಕಂಪನಿ ಸರ್ಕಾರ ಆಜ್ಞೆಮಾಡಿದಾಗ, ಹಲಗಲಿಯವರು ಆಯುಧವನ್ನು ಒಪ್ಪಿಸಲೊಲ್ಲದೆ ತಿರುಗಿಬಿದ್ದರು. ದಂಡು ಬಂದು ಊರನ್ನು ಸುಟ್ಟಿತು. ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಅಂದು ಕಸಿದುಕೊಂಡ ಒಂದು ಕತ್ತಿ ಇಂದು ಯಾವುದೋ ಸಂಗ್ರಹಾಲಯದಲ್ಲಿದೆ ಎಂದು ಕಲ್ಪಿಸಿಕೊಳ್ಳಿ. ಅದರ ಕೆಳಗೆ ಕಬ್ಬಿಣವೆಂದೂ ಹತ್ತೊಂಬತ್ತನೆಯ ಶತಮಾನವೆಂದೂ ಬರೆದಿರುತ್ತದೆ. ಅದನ್ನು ಕೊಡುವುದಕ್ಕಿಂತ ಸಾಯುವುದೇ ಮೇಲೆಂದು ಒಂದು ಊರಿಗೆ ಊರೇ ಏಕೆ ಭಾವಿಸಿತೆಂಬುದನ್ನು ಕತ್ತಿ ಹೇಳಲಾರದು. ಅದನ್ನು ಹೇಳುವುದು ಲಾವಣಿ. ಜೆ.ಎಫ್. ಫ್ಲೀಟ್ ಎಂಬ ಅಧಿಕಾರಿ ಆ ಲಾವಣಿಯನ್ನು ಹಾಡುವವರ ಬಾಯಿಂದ ಬರೆಯಿಸಿಕೊಂಡು, ಅದೇ ಶತಮಾನದಲ್ಲೇ ಅಚ್ಚುಹಾಕಿಸಿದನು. ವಸ್ತು ಹೋದರೂ ಮಾತು ಉಳಿಯಿತು. ಆದುದರಿಂದ ಹಲಗಲಿ ಉಳಿಯಿತು. ಮಾನವಶಾಸ್ತ್ರದ ಸಂಗ್ರಹಾಲಯಕ್ಕೆ ಇದು ದೊಡ್ಡ ಪಾಠ. ಕತ್ತಿಯೊಡನೆ ಲಾವಣಿಯನ್ನೂ, ಏಣಿಯೊಡನೆ ಬಾವಮೈದುನನ ಮಾತನ್ನೂ ಅದು ತರಬೇಕು.

ಈ ಕೊರತೆಯನ್ನು ಬಲ್ಲವರು ಬೇರೆ ಬೇರೆ ಉಪಾಯಗಳನ್ನು ಹುಡುಕಿದ್ದಾರೆ. ಸ್ವೀಡನ್ ದೇಶದ ಸ್ಟಾಕ್‌ಹೋಂ ನಗರದಲ್ಲಿ ಆರ್ಟುರ್ ಹಾಜೇಲಿಯಸ್ ಎಂಬಾತನು 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯವನ್ನು ತೆರೆದನು. ಹಳ್ಳಿಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು, ಒಲೆ ಮಂಚಗಳ ಸಮೇತ ಅಲ್ಲಿ ಮತ್ತೆ ಕಟ್ಟಿಸಿದನು. ನಮ್ಮ ದೇಶದಲ್ಲಿ 1977ರಲ್ಲಿ ದಿಲ್ಲಿಯಲ್ಲಿ ಹುಟ್ಟಿ 1979ರಲ್ಲಿ ಭೋಪಾಲಕ್ಕೆ ಹೋದ ರಾಷ್ಟ್ರೀಯ ಮಾನವ ಸಂಗ್ರಹಾಲಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿಯ ಶ್ಯಾಮಲಾ ಗುಡ್ಡದ ಮೇಲೆ ಸುಮಾರು 200 ಎಕರೆ ನೆಲದಲ್ಲಿ ಆಯಾ ಬುಡಕಟ್ಟಿನವರನ್ನೇ ಕರೆಯಿಸಿ, ಅವರ ಕೈಯಿಂದಲೇ ಅವರ ಮನೆಗಳನ್ನು ಕಟ್ಟಿಸಿದ್ದಾರೆ. ನೀಲಗಿರಿಯ ತೋಡರ, ಕೋತರ ಮನೆಗಳೂ ಅಲ್ಲುಂಟು. ತೋಡರ ಮನೆ ಬಾಗಿದ ಕಮಾನಿನಂತೆ. ಅದರ ಬಾಗಿಲು ಎಷ್ಟು ಕಿರಿದೆಂದರೆ ಮಂಡಿಯೂರಿ ತೆವಳಿಯೇ ಒಳಕ್ಕೆ ಹೋಗಬೇಕು. ಅದೇ ಗುಡ್ಡದ ಕಲ್ಲಾಸರೆಗಳಲ್ಲಿ ಪ್ರಾಚೀನ ಮನುಷ್ಯರು ಬರೆದ ಚಿತ್ರಗಳೂ ಇರುವುದರಿಂದ, ಶಿಡ್ಲಫಡಿಯನ್ನು ಬಲ್ಲ ನಮಗೆ ಆ ಸ್ಥಳ ಅಪರಿಚಿತವೆನ್ನಿಸದು.

ಬಯಲಿನಲ್ಲಿ ಕಟ್ಟಿದ ಹುಲ್ಲಿನ ಮನೆ ಕೆಲವು ಮಳೆಗಾಲಗಳಲ್ಲಿ ಕುಸಿಯತಕ್ಕದ್ದೇ. ಇದನ್ನು ದೋಷವೆಂದು ಕೆಲವರು ಹೇಳಬಹುದು; ನನಗೆ ಇದು ಗುಣವಾಗಿಯೇ ತೋರುತ್ತದೆ. ಅದನ್ನು ಮತ್ತೆ ಹೊದಿಸಲು ಹೊದಿಸುವ ವಿದ್ಯೆಯುಳ್ಳವನು ಬೇಕು. ಎಂದಮೇಲೆ ಆ ಮನೆಗೆ ಅದರ ಜನರ ಸಂಬಂಧ ಕಡಿಯುವಂತಿಲ್ಲ.

ಆದರೆ ಇಷ್ಟರಿಂದಲೂ ಪೂರ್ಣವಾದ ಸಮಾಧಾನ ದೊರೆಯದು. ಮನೆಯನ್ನು ಭೋಪಾಲದಲ್ಲಿ ಕಟ್ಟಬಹುದು, ಬೆಟ್ಟವನ್ನು ಕಟ್ಟಲಾದೀತೆ? ಚಾಮರಾಜನಗರ ಸೀಮೆಯ ಸೋಲಿಗರ ವೃತ್ತಾಂತವನ್ನು ನೋಡಿ. ಬಿಳಿಗಿರಿರಂಗನು ಇವರಿಗೆ ದೇವರೂ ಹೌದು, ತಮ್ಮ ಹೆಣ್ಣನ್ನು ಲಗ್ನವಾದ ರಂಗಭಾವನೂ ಹೌದು. ಇವರ ಹಟ್ಟಿಗೆ ಪೋಡು ಎಂದು ಹೆಸರು. ರಾಗಿಯ ಹೊಲವನ್ನು ಕೆಲಕಾಲಕ್ಕೊಮ್ಮೆ ಬದಲಾಯಿಸುತ್ತ, ಜೇನು, ನೆಲ್ಲಿ, ಗೆಡ್ಡೆಗೆಣಸುಗಳನ್ನು ಕಾಡಿನಿಂದ ತರುತ್ತ ಬಾಳಿದವರು ಇವರು. ಬೇಸಗೆಯ ಮೊದಲಲ್ಲಿ ನೆಲದ ತರಗಿಗೆ ಸಣ್ಣ ಬೆಂಕಿ ಕೊಡುವುದು ಇವರ ಪದ್ಧತಿ. 1972ರ ವನ್ಯಜೀವಿ ಕಾಯಿದೆ ಬಂದು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಪೋಡುಗಳನ್ನು ಎಬ್ಬಿಸಿ ರಸ್ತೆಗಳ ಬದಿಯಲ್ಲಿ ನೆಲೆಗೊಳಿಸಿದರು. ಬೇಟೆ, ಹೊಲದ ಬದಲಾವಣೆ, ಬೆಂಕಿ ಎಲ್ಲವೂ ನಿಷಿದ್ಧವಾದುವು. ಮುಂದೆ ಕಾಡಿನ ತುಂಬ ಲಂಟಾನದ ಪೊದೆ ಹಬ್ಬಿತು. ನೆಲ್ಲಿಯ ಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಹತ್ತಿತು. ತರಗುಬೆಂಕಿ ನಿಂತುದೇ ಇದಕ್ಕೆ ಕಾರಣವೆಂದು ಸೋಲಿಗರು ಹೇಳುತ್ತ ಬಂದರು. ಬಹುಕಾಲ ಅವರ ಮಾತಿಗೆ ಬೆಲೆಯಿರಲಿಲ್ಲ. ಅನಂತರ ವಿಜ್ಞಾನಿಗಳೇ ಅದನ್ನು ಪರಿಶೀಲನೆಗೆ ಯೋಗ್ಯವಾದ ಮಾತೆಂದು ಎತ್ತಿಕೊಂಡರು.

ಇಂತಹ ಅರಿವನ್ನು ಯಾವ ಪೆಟ್ಟಿಗೆಯಲ್ಲಿಡುವುದು? ಅದಕ್ಕೆ ಸೋಲಿಗರೇ ಒಂದು ಮಾರ್ಗವನ್ನು ತೋರಿಸಿದರು. ಅವರ ಒಂದೊಂದು ಕುಲಕ್ಕೂ ಒಂದೊಂದು 'ಯೆಲ್ಲೆ' ಉಂಟು. ಅದರೊಳಗೆ ದೇವರ ತಾಣ, ಮಾರಮ್ಮನ ತಾಣ, ವೀರನ ತಾಣ, ಪೂರ್ವಿಕರ ಕಲ್ಲುಗುಡಿ, ನೀರಿನ ಅಬ್ಬಿ ಇರುತ್ತವೆ. ಹಿರಿಯರು ಸಂಶೋಧಕರನ್ನು ಕರೆದುಕೊಂಡು ಬೆಟ್ಟವನ್ನು ಸುತ್ತಿ, ತಾಣತಾಣವನ್ನೂ ಹೆಸರಿಸಿ ನಕಾಶೆಯನ್ನು ಬರೆಯಿಸಿದರು. ನನ್ನ ಅಭಿಪ್ರಾಯದಲ್ಲಿ ಆ ನಕಾಶೆಯೇ ಗೋಡೆಗಳಿಲ್ಲದ ಒಂದು ಸಂಗ್ರಹಾಲಯ. 2006ರ ಅರಣ್ಯಹಕ್ಕು ಕಾಯಿದೆಯಂತೆ 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕು ದೊರೆಯಿತು. ಅದೇ ವರ್ಷ ಆ ಕಾಡು ಹುಲಿಗಳ ರಕ್ಷಿತಪ್ರದೇಶವೂ ಆಯಿತು. ಹುಲಿಯೂ ಮನುಷ್ಯನೂ ಒಂದೇ ಕಾಡಿನಲ್ಲಿ ಹಕ್ಕುದಾರರೆಂದು ಸರ್ಕಾರವೇ ಒಪ್ಪಿದುದು ಸಣ್ಣ ಸಂಗತಿಯಲ್ಲ.

ಸೋಲಿಗರಿಗೆ ಬೆಟ್ಟವಾದರೂ ಉಳಿಯಿತು. ಕಾಕನಕೋಟೆಯ ಕಾಡಿನವರಿಗೆ ಅದೂ ಉಳಿಯಲಿಲ್ಲ. ಜೇನುಕುರುಬರ ಆನೆಯ ವಿದ್ಯೆಯಿಂದ ಹೆಸರಾದ ಖೆಡ್ಡಾ ನಡೆಯುತ್ತಿದ್ದ ಸ್ಥಳವದು. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಅದಾದ ಕೆಲವೇ ವರ್ಷಗಳಲ್ಲಿ ಕಬಿನಿಯ ಜಲಾಶಯದ ನೀರು ಆ ನೆಲವನ್ನು ಮುಚ್ಚಿತು. ಆನೆಯನ್ನು ಪಳಗಿಸುವ ಅಂಕುಶವನ್ನು ಸಂಗ್ರಹಾಲಯದಲ್ಲಿಡಬಹುದು. ನೀರಿನಡಿಯ ಹಾಡಿಯನ್ನು ಎಲ್ಲಿಡುವುದು?

ಈ ಪ್ರಶ್ನೆಯನ್ನು ಮೈಸೂರಿನವರು ದೂರದಿಂದ ಕೇಳಬಹುದು. ಬಾಗಲಕೋಟೆಯ ನವನಗರದಲ್ಲಿರುವ ನಾವು ಹಾಗೆ ಕೇಳಲಾರೆವು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ದಂಡೆಯ ನಮ್ಮ ಹಳೆಯ ಊರಿನ ಓಣಿಗಳನ್ನು ನುಂಗಿದ ಮೇಲೆ ಕಟ್ಟಿದ ಊರು ಇದು. ಇಲ್ಲಿಯ ರಸ್ತೆಗಳು ನೇರ, ಓಣಿಗಳ ಬದಲು ಸೆಕ್ಟರುಗಳ ಅಂಕಿ. ನಮ್ಮ ಹಳೆಯ ಮನೆಯನ್ನು ಬಿಡುವಾಗ ನಾನು ಕಾಲೇಜಿನಲ್ಲಿ ಓದುತ್ತಿದ್ದೆ. ಬಾಗಿಲು, ಚೌಕಟ್ಟು, ತೊಲೆಗಳನ್ನೆಲ್ಲ ಬಿಚ್ಚಿ ಗಾಡಿಗೆ ಹೇರಿದ ಮೇಲೆ, ಅಡಿಗೆಮನೆಯ ನೆಲದಲ್ಲಿ ಹೂಳಿದ್ದ ಒಳ್ಳನ್ನು, ಎಂದರೆ ಒರಳುಕಲ್ಲನ್ನು, ಹಾರೆಯಿಂದ ಮೀಟಿ ತೆಗೆದೆವು. ಮೂರು ತಲೆಮಾರಿನ ಹೆಂಗಸರು ಖಾರ ಕುಟ್ಟಿದ ಕಲ್ಲದು. ನವನಗರದ ಮನೆಗೆ ಫರಸಿ ಹಾಸಿಯಾಗಿತ್ತು, ಅದನ್ನು ಹೂಳುವಂತಿರಲಿಲ್ಲ. ಅಂಗಳದ ಮೂಲೆಯಲ್ಲಿಟ್ಟೆವು. ನಮ್ಮ ಅಜ್ಜಿ ಅದನ್ನು ನೋಡಿ, "ಒಳ್ಳು ತಂದ್ರಿ, ಛಲೋ ಆತು. ಅದನ್ನ ಹುಗದಿದ್ದ ನೆಲಾ ಎಲ್ಲಿಂದ ತರ್ತೀರಿ?" ಎಂದಳು. ನಮ್ಮ ತಂದೆಯವರು ಉತ್ತರ ಕೊಡಲಿಲ್ಲ. ಆ ಕಲ್ಲು ಇಂದಿಗೂ ಅಂಗಳದಲ್ಲಿದೆ. ಮಳೆನೀರು ನಿಂತಾಗ ಗುಬ್ಬಿಗಳು ಬಂದು ಕುಡಿಯುತ್ತವೆ. ಅದು ಉಳಿದಿದೆ, ಆದರೆ ಒಳ್ಳಾಗಿ ಉಳಿದಿಲ್ಲ.

ಬಹಳ ವರ್ಷಗಳ ಮೇಲೆ, ಹೆಸರು ಬೇಡ, ಒಂದು ಸಂಗ್ರಹಾಲಯದಲ್ಲಿ ಗಿರಿಜನರ ಒಂದು ಒನಕೆಯನ್ನು ಕಂಡೆ. ಅದರ ಹಿಡಿಯ ಭಾಗ ಕೈಬೆವರಿನಿಂದ ನುಣುಪಾಗಿತ್ತು. ಕೆಳಗೆ 'ಒನಕೆ, ಮರ' ಎಂದಿಷ್ಟೇ ಬರೆಹ. ಯಾರ ಮನೆಯದು, ಆ ಮನೆ ಈಗ ಎಲ್ಲಿದೆ, ಅವರು ಅದನ್ನು ಕೊಟ್ಟರೋ ಬಿಟ್ಟುಹೋದರೋ ತಿಳಿಯುವಂತಿರಲಿಲ್ಲ. ನಮ್ಮ ಅಜ್ಜಿಯ ಪ್ರಶ್ನೆಯನ್ನು ಆ ಒನಕೆಯ ಒಡತಿಯೂ ಕೇಳಿರಬೇಕೆಂದು ನನಗೆ ಆಗ ಅನ್ನಿಸಿತು.

ಹಾಗಾದರೆ ಸಂಗ್ರಹಾಲಯಗಳು ವ್ಯರ್ಥವೋ ಎಂದು ಕೇಳಬಹುದು. ವ್ಯರ್ಥವೆಂದು ನಾನು ಹೇಳುವುದಿಲ್ಲ. ನೀರು ಬರುವಾಗ ಒಳ್ಳನ್ನು ಕೀಳದೆ ಬಿಟ್ಟಿದ್ದರೆ ಅಜ್ಜಿಗೆ ಆ ಪ್ರಶ್ನೆ ಕೇಳುವುದಕ್ಕೂ ಆಧಾರವಿರುತ್ತಿರಲಿಲ್ಲ. ನಾನು ನನ್ನ ಮಕ್ಕಳಿಗೆ ತೋರಿಸಿ ಹೇಳುವುದಕ್ಕೂ ಏನೂ ಇರುತ್ತಿರಲಿಲ್ಲ. ವಸ್ತುವನ್ನು ಉಳಿಸುವುದು ಅಗತ್ಯ. ಅಷ್ಟಕ್ಕೆ ನಿಲ್ಲಿಸುವುದು ಮಾತ್ರ ತಪ್ಪು. ಗಿರಿಜನರ ಸಂಗ್ರಹಾಲಯಕ್ಕೆ ಮೂರು ಕರ್ತವ್ಯಗಳಿವೆಯೆಂದು ನನ್ನ ಎಣಿಕೆ. ಮೊದಲನೆಯದು, ವಸ್ತುವಿನೊಡನೆ ಅದರ ಜನರ ಮಾತನ್ನೂ ಅವರದೇ ನುಡಿಯಲ್ಲಿ ಸಂಗ್ರಹಿಸುವುದು. ಎರಡನೆಯದು, ಯಾವುದನ್ನು ತೋರಿಸಬೇಕು, ಯಾವುದು ಪೂಜೆಯ ವಸ್ತುವಾದುದರಿಂದ ತೋರಿಸಬಾರದು ಎಂಬುದನ್ನು ಅವರನ್ನೇ ಕೇಳಿ ನಿಶ್ಚಯಿಸುವುದು. ಮೂರನೆಯದು, ಅವರ ಮಕ್ಕಳು ಬಂದು ಕಲಿಯುವಂತೆ, ಮರೆತುಹೋದ ಹೆಣಿಗೆಯನ್ನು ಹಳೆಯ ಬುಟ್ಟಿ ನೋಡಿ ಮತ್ತೆ ಹೆಣೆಯುವಂತೆ, ಬಾಗಿಲನ್ನು ತೆರೆದಿಡುವುದು. ಈ ಮೂರನೆಯದು ನಡೆದ ದಿನ ಸಂಗ್ರಹಾಲಯವು ಬಾಳುವವರ ಕಣಜವಾಗುತ್ತದೆ. ಬಿತ್ತನೆಯ ಬೀಜ ಬೇಕಾದವನು ಅಲ್ಲಿಗೆ ಬರುತ್ತಾನೆ.

ನೋಡಲು ಹೋಗುವ ನಮಗೂ ಒಂದು ಕರ್ತವ್ಯವಿದೆ. 'ಪಾಪ, ಎಷ್ಟು ಹಿಂದುಳಿದ ಜನ' ಎಂಬ ಕನಿಕರದಿಂದಾಗಲಿ, 'ಎಷ್ಟು ವಿಚಿತ್ರ' ಎಂಬ ಬೆರಗಿನಿಂದಾಗಲಿ ಆ ವಸ್ತುಗಳನ್ನು ನೋಡಬಾರದು. ಮುಂದಿನ ಸಲ ಮೈಸೂರಿಗೆ ಹೋದಾಗ ಅರಮನೆಯ ದೀಪಗಳನ್ನು ನೋಡಿದ ಮೇಲೆ ಒಂದು ಗಂಟೆಯ ಕಾಲವನ್ನು ಈ ಸಂಗ್ರಹಾಲಯಗಳಿಗೂ ಕೊಡಿ. ಒಂದು ಬುಟ್ಟಿಯ ಮುಂದೆ ನಿಂತು, ಇದರ ಬಿದಿರು ಯಾವ ಬೆಟ್ಟದ್ದು, ಆ ಬೆಟ್ಟಕ್ಕೆ ಹೋಗುವ ದಾರಿ ಇದನ್ನು ಹೆಣೆದವರಿಗೆ ಇಂದು ತೆರೆದಿದೆಯೇ ಎಂದು ಅಲ್ಲಿಯವರನ್ನು ಕೇಳಿ. ನೆಲವನ್ನು ಕಳೆದುಕೊಂಡ ಊರಿನವರಿಗೆ ಆ ಪ್ರಶ್ನೆಯನ್ನು ಕೇಳುವ ಅಧಿಕಾರ ಉಳಿದವರಿಗಿಂತ ಒಂದು ಗುಂಜಿ ಹೆಚ್ಚು.